ಬೆವರದ ಮೈ

ಅಮ್ಮಿನಬಾವಿಯ ಎರೆಹೊಲಗಳಲ್ಲಿ ಬೇಸಗೆಯ ಬಿಸಿಲಿಗೆ ದುಡಿದು ಬಂದವನ ಹಣೆಯ ಬೆವರನ್ನು ಕಂಡು ನಾವು ಮರುಗುತ್ತೇವೆ. ಬೆವರೇ ಬಾರದ ಮೈಯ ಸಂಕಟವನ್ನು ತಾವು ಎಂದಾದರೂ ಎಣಿಸಿರುವಿರಾ?

ಹಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ತಲೆಗೂದಲು ವಿರಳ, ಬಾಯಲ್ಲಿ ನಾಲ್ಕಾರು ಮೊನಚು ಹಲ್ಲುಗಳು. ಕವಾಯತಿನ ವೇಳೆ ನಳದ ಬಳಿ ಓಡಿ ಅಂಗಿ ತೋಯಿಸಿಕೊಳ್ಳುತ್ತಿದ್ದನು. ಮೈಗಳ್ಳನೆಂದು ಬಗೆದು ನಾನು ಅವನನ್ನು ಬಿಸಿಲಲ್ಲಿ ನಿಲ್ಲಿಸಿದೆನು. "ಸರ, ಮೈ ಸುಡತೈತ್ರಿ" ಎಂದನು, ನಾನು ಕಿವಿಗೊಡಲಿಲ್ಲ. ತುಸು ಹೊತ್ತಿಗೆ ಕುಸಿದನು. ಮುಟ್ಟಿದರೆ ಮೈ ಕಾದ ಹಂಚು, ಬೆವರಿನ ಹನಿಯೊಂದಿಲ್ಲ. ನೆರಳಿಗೆ ಒಯ್ದು ನೀರು ಸುರಿದ ಮೇಲೆ ಚೇತರಿಸಿಕೊಂಡನು. ನನ್ನ ಅಜ್ಞಾನದ ನಾಚಿಕೆ ಮಾತ್ರ ಉಳಿಯಿತು.

ಈ ಬೇನೆಗೆ ಹಳೆಯದೊಂದು ಚರಿತ್ರೆಯುಂಟು. 1848ರಲ್ಲಿ ಥರ್ನಮ್ ಎಂಬ ಆಂಗ್ಲ ವೈದ್ಯನು ಇಂತಹ ಇಬ್ಬರನ್ನು ಬಣ್ಣಿಸಿದನು. ಚಾರ್ಲ್ಸ್ ಡಾರ್ವಿನ್ನನು ಸಾಕುಪ್ರಾಣಿ ಮತ್ತು ಬೆಳೆಗಳ ಮಾರ್ಪಾಡುಗಳನ್ನು ಕುರಿತ ತನ್ನ ಗ್ರಂಥದ 1875ರ ಆವೃತ್ತಿಯಲ್ಲಿ, ವೆಡರ್‌ಬರ್ನ್ ಎಂಬವರು ತಿಳಿಸಿದ ಸಿಂಧದ ಒಂದು ಹಿಂದೂ ಮನೆತನದ ಸಂಗತಿಯನ್ನು ಬರೆದನು. ಆಗ ಸಿಂಧವೂ ನಮ್ಮ ಧಾರವಾಡವೂ ಒಂದೇ ಮುಂಬಯಿ ಇಲಾಖೆಯಲ್ಲಿದ್ದವು. ಆ ಮನೆತನದ 4 ತಲೆಮಾರುಗಳ 10 ಗಂಡಸರಿಗೆ ಎರಡೂ ದವಡೆ ಸೇರಿ ಸಣ್ಣ ಮುಂಬಲ್ಲು 4, ಹಿಂದಿನ ದವಡೆಹಲ್ಲು 8 ಮಾತ್ರ, ಮೈಗೂದಲು ಅತ್ಯಲ್ಪ, ಬೇಸಗೆಯಲ್ಲಿ ಒಣಚರ್ಮದ ಯಾತನೆ. ಹೆಣ್ಣುಮಕ್ಕಳಿಗೆ ಬೇನೆಯಿಲ್ಲ, ಆದರೆ ಅವರ ಗಂಡುಮಕ್ಕಳಿಗೆ ಬರುತ್ತದೆ. ತಂದೆಯಿಂದ ಮಗನಿಗೆ ಬರದು. ಇಷ್ಟನ್ನು ಡಾರ್ವಿನ್ನನು ಗುರುತಿಸಿದನು. ಕಾರಣವು ಅವನಿಗೆ ತಿಳಿದಿರಲಿಲ್ಲ.

ಕಾರಣವು ಎಕ್ಸ್ ಎಂಬ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಅದು ಎರಡು. ಒಂದು ಕೆಟ್ಟರೂ ಇನ್ನೊಂದು ಬಹುಮಟ್ಟಿಗೆ ಕಾಯುತ್ತದೆ. ಗಂಡಿಗೆ ಅದು ತಾಯಿಯಿಂದ ಬಂದ ಒಂದೇ. ಆ ದೋಷದ ವಂಶವಾಹಿಯನ್ನು ವಿಜ್ಞಾನಿಗಳು 1996ರಲ್ಲಿ ಕಂಡುಹಿಡಿದರು. ಗರ್ಭದಲ್ಲಿ ಹಲ್ಲು, ಕೂದಲು, ಬೆವರಿನ ಗ್ರಂಥಿ ಇವೆಲ್ಲ ರೂಪುಗೊಳ್ಳಲು ಶಿಶುವಿನ ಹೊರಪದರವು ಬೇಕು. ಆದುದರಿಂದಲೇ ಮೂರರಲ್ಲಿಯೂ ಕೊರತೆ. ಇದನ್ನು ವೈದ್ಯರು ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಗರ್ಭದಲ್ಲಿರುವಾಗಲೇ ಕೊರತೆಯ ಪ್ರೋಟೀನನ್ನು ಕೊಟ್ಟ ಮೂವರು ಗಂಡುಶಿಶುಗಳು ಹುಟ್ಟಿದ ಮೇಲೆ ಬೆವರಿದರೆಂದು ಜರ್ಮನಿಯ ವೈದ್ಯರು 2018ರಲ್ಲಿ ಪ್ರಕಟಿಸಿದರು.

ಗುರುತಿಸುವ ಮೊದಲ ಹೆಜ್ಜೆಗೆ ಯಂತ್ರವು ಬೇಡ. ಕಾರಣವಿಲ್ಲದೆ ಮರಳಿ ಮರಳಿ ಜ್ವರ, ತಡವಾಗಿ ಬರುವ ಮೊನಚು ಹಲ್ಲು, ತೆಳುಗೂದಲು, ಬೆವರದ ಚರ್ಮ ಇವುಗಳನ್ನು ಬಿಡಿಬಿಡಿಯಾಗಿ ಅಲ್ಲ, ಕೂಡಿಸಿ ನೋಡಬೇಕು. ಬಳಿಕ ತಾಯಿಯ ತವರುಮನೆಯ ಸಂಗತಿಯನ್ನು ಕೇಳಬೇಕು: ಸೋದರಮಾವನಿಗೂ ಹೀಗಿತ್ತೇ? ತಾಯಿಗೂ ಒಂದೆರಡು ಹಲ್ಲು ಹುಟ್ಟಿಲ್ಲವೇ? ರಕ್ತದ ಪರೀಕ್ಷೆಯು ಉಳಿದುದನ್ನು ಹೇಳುತ್ತದೆ.

ಈ ಪ್ರಶ್ನೆಯು ಹೆತ್ತವಳನ್ನು ದೂರುವುದಕ್ಕಲ್ಲ. ಶಾಪವೆಂದೋ ಪಾಪವೆಂದೋ ಅವಳನ್ನು ನೋಯಿಸುವ ಮನೆಗಳು ಇದನ್ನು ಅರಿಯಬೇಕು. ನಮ್ಮಂಥ ಮಾಸ್ತರರು ಅರಿಯಬೇಕಾದುದು ಇನ್ನೂ ಚಿಕ್ಕದು: ಅಂತಹ ಹುಡುಗನಿಗೆ ತೊಯ್ದ ಅಂಗಿಯೇ ಬೆವರು. ಅವನು ನಳದ ಕಡೆಗೆ ಓಡಿದರೆ ತಡೆಯಬೇಡಿರಿ.