ಒಂದು ಟಿಕೆಟಿನ ಹಿಂದಿನ ಚರಿತ್ರೆ



ಉನ್ನತ ಶಿಕ್ಷಣಕ್ಕಾಗಿ ಜರ್ಮನಿಗೆ ತೆರಳುವ ನಮ್ಮವರ ಸಂಖ್ಯೆ ಹೆಚ್ಚುತ್ತಾ ಬಂದಿದೆ. 2023-24ರಲ್ಲಿ ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರದೇ ಮೊದಲ ಸ್ಥಾನ. ಪ್ರವೇಶ, ವೀಸಾ, ಫೀಸುಗಳ ಬಗ್ಗೆ ನೂರು ಸಲ ವಿಚಾರಿಸುವ ನಾವು ಅಲ್ಲಿ ಓಡಾಡುವುದು ಹೇಗೆಂದು ಕೇಳುವುದು ಕಡಿಮೆ. ಆ ಪ್ರಶ್ನೆಗೆ ದೊಡ್ಡದೊಂದು ಚರಿತ್ರೆಯೇ ಇದೆ.

1835ರ ಡಿಸೆಂಬರ್ 7ರಂದು ನ್ಯೂರೆಂಬರ್ಗ್‌ನಿಂದ ಫ್ಯೂರ್ತ್‌ಗೆ ಜರ್ಮನಿಯ ಮೊದಲ ಉಗಿಬಂಡಿ ಓಡಿತು. ದೂರ ಸುಮಾರು 6 ಕಿ.ಮೀ. ಮಾತ್ರ. 'ಆಡ್ಲರ್' ಎಂಬ ಎಂಜಿನ್ ಇಂಗ್ಲೆಂಡಿನಿಂದ ಬಂದಿತ್ತು. ಆಗ ಜರ್ಮನಿ ಹತ್ತಾರು ಸಂಸ್ಥಾನಗಳಾಗಿ ಹಂಚಿಹೋಗಿತ್ತು. ಅವುಗಳನ್ನು ರೈಲುಜಾಲದಿಂದ ಬೆಸೆಯಬೇಕೆಂದು ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಲಿಸ್ಟ್ 1833ರಲ್ಲೇ ಪ್ರತಿಪಾದಿಸಿದ್ದರು. 1871ರಲ್ಲಿ ದೇಶ ಒಂದಾಗುವ ಮೊದಲೇ ಹಳಿಗಳು ಊರುಗಳನ್ನು ಒಂದುಗೂಡಿಸಿದ್ದವು.

ಆದರೆ ಹಳಿ ಇದ್ದರೆ ಸಾಲದು, ಕಿಸೆಯಲ್ಲಿ ಹಣವೂ ಬೇಕಲ್ಲವೇ? ಬಡ ವಿದ್ಯಾರ್ಥಿಯ ಪ್ರವಾಸದ ಬಗ್ಗೆ ಮೊದಲು ಯೋಚಿಸಿದವರಲ್ಲಿ ರಿಚರ್ಡ್ ಶಿರ್‌ಮನ್ ಎಂಬ ಶಾಲಾ ಶಿಕ್ಷಕರೊಬ್ಬರು. 1909ರಲ್ಲಿ ಮಕ್ಕಳೊಂದಿಗೆ ಕಾಲ್ನಡಿಗೆಯಲ್ಲಿ ಹೊರಟಿದ್ದಾಗ ಬಿರುಗಾಳಿ ಮಳೆಗೆ ಸಿಕ್ಕಿ, ಒಂದು ಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ಅಂದು ಹೊಳೆದ ಆಲೋಚನೆಯೇ ಯುವ ವಸತಿಗೃಹ. ಮುಂದೆ ಆಲ್ಟೇನಾದ ಕೋಟೆಯಲ್ಲಿ ಆರಂಭವಾದ ಆ ವ್ಯವಸ್ಥೆ ಇಂದು ಜಗತ್ತಿನೆಲ್ಲೆಡೆ ಇದೆ. 1972ರಲ್ಲಿ ಬಂದ 'ಇಂಟರ್‌ರೇಲ್' ಪಾಸು 21 ವರ್ಷದವರೆಗಿನ ಯುವಜನರಿಗೆ ಯುರೋಪಿನ ಹಲವು ದೇಶಗಳ ರೈಲುಗಳ ಬಾಗಿಲು ತೆರೆಯಿತು.

ನಿಜವಾದ ಬದಲಾವಣೆ ಬಂದದ್ದು 1991ರಲ್ಲಿ, ಡಾರ್ಮ್‌ಸ್ಟಾಟ್ ನಗರದಲ್ಲಿ. 'ಸೆಮಿಸ್ಟರ್ ಟಿಕೆಟ್' ಎಂಬ ಈ ಏರ್ಪಾಡಿನ ತತ್ವ ಸರಳ: ಬಸ್ಸು ಹತ್ತಲಿ, ಹತ್ತದಿರಲಿ, ಎಲ್ಲ ವಿದ್ಯಾರ್ಥಿಗಳೂ ಶುಲ್ಕದ ಜೊತೆಗೆ ಸ್ವಲ್ಪ ಹಣ ಕೊಡಬೇಕು. ಹತ್ತು ಮಂದಿ ಹೊತ್ತರೆ ಹೊರೆ ಹಗುರವಲ್ಲವೇ? "ನಾನು ಬಳಸದ ಟಿಕೆಟಿಗೆ ನಾನೇಕೆ ಹಣ ಕೊಡಬೇಕು?" ಎಂಬ ತಕರಾರು ಸಂವಿಧಾನ ನ್ಯಾಯಾಲಯದವರೆಗೂ ಹೋಯಿತು. 2000ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ವ್ಯವಸ್ಥೆ ಉಳಿಯಿತು.

2013ರಲ್ಲಿ ದೂರದ ಊರುಗಳ ನಡುವಿನ ಬಸ್ಸುಗಳಿಗೆ ಮುಕ್ತ ಅನುಮತಿ ದೊರೆತು ಅಗ್ಗದ ಇನ್ನೊಂದು ದಾರಿ ತೆರೆಯಿತು. 2022ರ ಬೇಸಿಗೆಯಲ್ಲಿ ಮೂರು ತಿಂಗಳು, ತಿಂಗಳಿಗೆ ಬರೀ 9 ಯೂರೋಗೆ ದೇಶವಿಡೀ ಸುತ್ತಬಹುದಿತ್ತು. ಅದರ ಬೆನ್ನಿಗೇ 2023ರ ಮೇ ತಿಂಗಳಲ್ಲಿ 49 ಯೂರೋಗಳ 'ಡಾಯ್ಚ್‌ಲಾಂಡ್ ಟಿಕೆಟ್' ಬಂತು. 2025ರಲ್ಲಿ ಅದರ ದರ 58ಕ್ಕೇರಿತು. 2024ರ ಬೇಸಿಗೆ ಸೆಮಿಸ್ಟರಿನಿಂದ, ಒಪ್ಪಂದ ಮಾಡಿಕೊಂಡ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಇದೇ ಸೌಲಭ್ಯ ಆ ದರದ ಶೇ. 60ಕ್ಕೆ ಸಿಗತೊಡಗಿತು.

ಹೊರಡುವವರು ಎರಡು ಮಾತು ನೆನಪಿಡಿ. ಈ ಟಿಕೆಟ್ ನಗರದ ಬಸ್ಸು, ಟ್ರಾಮ್ ಹಾಗೂ ಪ್ರಾದೇಶಿಕ ರೈಲುಗಳಿಗೆ. ಅತಿವೇಗದ ಐಸಿಇ ರೈಲಿಗೆ ನಡೆಯದು. ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ತಡೆಗೇಟುಗಳಿಲ್ಲ, ನಂಬಿಕೆಯೇ ಗೇಟು. ಟಿಕೆಟಿಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ, ಜೊತೆಗೆ ಮಾನವೂ ಹೋಗುತ್ತದೆ.

ಮಿತ್ರರೇ, ಕಲಿಯಲು ಹೊರಟವನ ದಾರಿಖರ್ಚು ಅವನೊಬ್ಬನ ಚಿಂತೆಯಾಗಬಾರದು ಎಂಬುದೇ ಈ ಚರಿತ್ರೆಯ ಪಾಠ. ಅಲ್ಲಿ ಆ ಟಿಕೆಟ್ ನಿಮ್ಮ ಕೈಗೆ ಬಂದಾಗ, ಎಂದೂ ಬಸ್ಸು ಹತ್ತದ ಯಾರೋ ಸಹಪಾಠಿಯ ಪಾಲೂ ಅದರಲ್ಲಿದೆ ಎಂಬುದನ್ನು ಮರೆಯದಿರಿ.