ಜಗಲಿಯಿಂದ ಕಛೇರಿಗೆ

‘ಶಿಸ್ತು’ ಎಂಬ ಮಾತನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಆದರೆ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯಲ್ಲಿ ಅದು ಕಂದಾಯದ ಮಾತೂ ಹೌದು. ಕೆಳದಿಯ ಶಿವಪ್ಪನಾಯಕನು (1645–1660) ನೆಲವನ್ನು ಅದರ ಗುಣಕ್ಕೆ ತಕ್ಕಂತೆ ವಿಂಗಡಿಸಿ ಗೊತ್ತುಪಡಿಸಿದ ತೆರಿಗೆಗೇ ಶಿಸ್ತು ಎಂದು ಹೆಸರು. ಅರಸನ ಕೀರ್ತಿಯನ್ನು ನಾವೆಲ್ಲರೂ ಬಲ್ಲೆವು. ಆ ಲೆಕ್ಕವನ್ನು ಬರೆದ ಮನುಷ್ಯನು ಎಲ್ಲಿ ಕುಳಿತು ಬರೆದನು, ಅವನಿಗೆ ಬೆಳಕಿದ್ದಿತೇ, ಬೆನ್ನು ನೋಯುತ್ತಿದ್ದಿತೇ ಎಂದು ಯಾರೂ ಕೇಳಿದಂತೆ ಕಾಣೆ. ಗುಮಾಸ್ತನ ಮೊಮ್ಮಗನಾದ ನನಗೆ ಅದನ್ನು ಕೇಳಬೇಕೆನಿಸುತ್ತದೆ.

ನಗರದ ಕೋಟೆಯಲ್ಲಿ, ಕವಲೇದುರ್ಗದಲ್ಲಿ ಅರಮನೆಯ ಕಲ್ಲಿನ ಜಗತಿ ಮಾತ್ರ ಇಂದು ಉಳಿದಿದೆ. ಮರದ ಕಂಬವೂ ಮಾಡೂ ಹೋಗಿವೆ. ಅವು ಹೇಗಿದ್ದಾವೆಂದು ಊಹಿಸಲು ಮಲೆನಾಡಿನ ಹಳೆಯ ಮನೆಯೊಂದನ್ನು ನೋಡಿದರೆ ಸಾಕು. ಎತ್ತರದ ಜಗಲಿ, ಮುಂದಕ್ಕೆ ಬಾಗಿ ಇಳಿದ ಸೂರು, ಮಳೆಗಾಲಕ್ಕೆ ಅಡಕೆ ಸೋಗೆಯ ತಟ್ಟಿ. ಶ್ಯಾನುಭೋಗರ ಕಛೇರಿಯೆಂದರೆ ಈ ಜಗಲಿಯೇ. ಇಳಿಜಾರು ಮುಚ್ಚಳದ ಬರಹದ ಪೆಟ್ಟಿಗೆಯನ್ನು ಬೆಳಕು ಸರಿದಂತೆ ಸರಿಸಿಕೊಂಡು, ಹುಣಿಸೆಬೀಜದ ಸರಿಗೆ ಇದ್ದಿಲು ಕೂಡಿಸಿ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆಯುತ್ತಿದ್ದರು. ಗಾಳಿಯಿದ್ದಿತು, ಬೆಳಕಿದ್ದಿತು, ಬೇಸರವಾದಾಗ ಕಣ್ಣಿಗೆ ಎದುರಿನ ತೋಟವಿದ್ದಿತು.

ಹಾಗೆಂದು ಹಳೆಯದನ್ನೆಲ್ಲ ಹೊಗಳುವುದು ನ್ಯಾಯವಲ್ಲ. ಆ ಜಗಲಿಯನ್ನು ಎಲ್ಲರೂ ಏರುವಂತಿರಲಿಲ್ಲ. ಒಳಗೆ ಲೆಕ್ಕ ಬೆಚ್ಚಗೆ ಕುಳಿತಿದ್ದಾಗ, ಲೆಕ್ಕಕ್ಕೆ ಒಳಗಾದ ಎಷ್ಟೋ ಮಂದಿ ಅಂಗಳದ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ನಿಂತಿದ್ದರು.

ಅಂಥ ರೈತರೇ 1830–31ರಲ್ಲಿ ಕಂದಾಯದ ಹಿಂಸೆ ತಾಳಲಾರದೆ ನಗರದಲ್ಲಿ ದಂಗೆಯೆದ್ದರು. ಅದನ್ನೇ ಕಾರಣ ಮಾಡಿಕೊಂಡು ಇಂಗ್ಲಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ವಹಿಸಿಕೊಂಡರು. ಬೆಂಗಳೂರಿನಲ್ಲಿ ಟಿಪ್ಪುವಿನ ಮರದ ಅರಮನೆಯೇ ಅವರ ಕಛೇರಿಯಾಯಿತು. 1868ರಲ್ಲಿ ಹೊಸ ಕಟ್ಟಡ ಮುಗಿಯುವವರೆಗೂ ಅಲ್ಲಿಯೇ ಕೆಲಸ ನಡೆಯಿತು. ಹದಿನೆಂಟು ಇಲಾಖೆಗಳಿಗೆಂದು ಕಟ್ಟಿದ ಆ ಹೊಸ ಕಟ್ಟಡವೇ ಅಠಾರಾ ಕಚೇರಿ, ಇಂದಿನ ಉಚ್ಚ ನ್ಯಾಯಾಲಯ. ಅದರ ಗ್ರೀಕ್ ಮಾದರಿಯ ಕಂಬಗಳನ್ನು ಹೊಗಳುವವರು ಕಂಬಗಳ ಹಿಂದಿನ ಮೊಗಸಾಲೆಯನ್ನೂ ಗಮನಿಸಬೇಕು. ವಿದ್ಯುತ್ತಿಲ್ಲದ ಕಾಲದಲ್ಲಿ ಕಟ್ಟುವವನಿಗೆ ಬೇರೆ ದಾರಿಯಿರಲಿಲ್ಲ. ಕಿಟಕಿಯ ಬೆಳಕು ಎಷ್ಟು ದೂರ ಬಿದ್ದೀತೋ ಅಷ್ಟೇ ಕೋಣೆಯ ಅಗಲ.

ಆ ಕಟ್ಟನ್ನು ಬಿಡಿಸಿದುದು ವಿದ್ಯುತ್ತು. ಅದರಲ್ಲಿ ನಮ್ಮ ಜೋಗದ ಪಾಲೂ ಸಣ್ಣದಲ್ಲ. 1939ರಲ್ಲಿ ಮೊದಲಾದ ಕೆಲಸ ಮುಗಿದು, 1948ರ ಫೆಬ್ರವರಿಯಲ್ಲಿ ಅಲ್ಲಿಯ ವಿದ್ಯುದಾಗಾರವು ಆರಂಭವಾಯಿತು. ಗಾಂಧೀಜಿಯವರ ಹೆಸರನ್ನು ಪಡೆಯಿತು. ದೀಪವೂ ಪಂಖವೂ ಬಂದಮೇಲೆ ಕಿಟಕಿಯಿಲ್ಲದ ಕೋಣೆಯಲ್ಲಿಯೂ ಮನುಷ್ಯನನ್ನು ಕೂಡಿಸಬಹುದೆಂದಾಯಿತು. ಕಣಿವೆಯ ತಳದ ಆ ವಿದ್ಯುದಾಗಾರದಲ್ಲಿ ಯಂತ್ರ ಬಿಸಿಯೇರದಂತೆ ಲೆಕ್ಕಹಾಕಿ ತಂಪು ಒದಗಿಸಿದ್ದಾರೆ. ಮೇಜಿನ ಮುಂದೆ ಕುಳಿತವನಿಗಾಗಿ ಅಂಥ ಲೆಕ್ಕ ಹಾಕಿದವರು ವಿರಳ.

ಅದೇ 1948ರಲ್ಲಿ ಭಾರತದ ಕಾರ್ಖಾನೆ ಕಾಯಿದೆಯೂ ಬಂದಿತು. ಹೊಸದಾಗಿ ಕಟ್ಟುವ ಕಾರ್ಖಾನೆಯಲ್ಲಿ ಒಬ್ಬೊಬ್ಬನಿಗೂ 500 ಘನ ಅಡಿ ಸ್ಥಳವಿರಬೇಕು, ಗಾಳಿ, ಬೆಳಕು, ಕುಡಿಯುವ ನೀರು ಇರಬೇಕು ಎಂದು ಅದು ವಿಧಿಸಿತು. ಒಳ್ಳೆಯದೇ. ಆದರೆ ಬರಿಯ ಬರಹದ ಕಛೇರಿ ಕಾರ್ಖಾನೆಯಲ್ಲವಾದುದರಿಂದ ಗುಮಾಸ್ತನು ಆ 500 ಅಡಿಯ ಹೊರಗೇ ಉಳಿದನು.

ನನ್ನಜ್ಜ ಅಂಥವರಲ್ಲಿ ಒಬ್ಬರು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಶ್ಯಾನುಭೋಗಿಕೆ ಹೋದಮೇಲೆ ಅವರು ಪೇಟೆಯ ಕಛೇರಿಯೊಂದರಲ್ಲಿ ಗುಮಾಸ್ತರಾದರು. ಅವರ ಮೇಜು ಇದ್ದುದು ದಫ್ತರಗಳ ಕೋಣೆಯಲ್ಲಿ. ಮಲೆನಾಡಿನ ಮಳೆಗೆ ಕಾಗದಕ್ಕೆಲ್ಲ ಬೂಷ್ಟು. ನೆತ್ತಿಯ ಮೇಲೊಂದು ಮಂಕು ದೀಪ. ಒಂದು ದಿನ ಅಜ್ಜ ಕಾಗದದ ಕಟ್ಟನ್ನು ಎತ್ತಿಕೊಂಡು ಹೊರಗಿನ ಮೊಗಸಾಲೆಯ ಬೆಂಚಿನ ಮೇಲೆ ಕುಳಿತು ಬರೆಯತೊಡಗಿದರಂತೆ. ಮೇಲಧಿಕಾರಿ ಕಂಡು, “ಇದೇನ್ರೀ, ಕಛೇರಿಗೆ ಒಂದು ಶಿಸ್ತು ಬೇಡವೆ?” ಎಂದರಂತೆ. ಅಜ್ಜ ಮರುಮಾತಾಡದೆ ಒಳಗೆ ಹೋದರು. ನಿವೃತ್ತರಾಗಿ ಮನೆಗೆ ಬರುವಾಗ ಗೂರಲು ಜೊತೆಗೆ ಬಂದಿತ್ತು.

ಈಗ ಕಛೇರಿಗಳನ್ನು ಯೋಜಿಸುವವರು ಹಗಲ ಬೆಳಕು, ಹೊರಗಿನ ಗಾಳಿ, ಕಣ್ಣಿಗೆ ಹಸುರು, ಬೆನ್ನಿಗೆ ಒರಗು ಬೇಕೆಂದು ಹೊಸ ಶಾಸ್ತ್ರವಾಗಿ ಹೇಳುತ್ತಾರೆ. ಹೇಳಲಿ, ಬೆಂಗಳೂರಿನ ಗಾಜಿನ ಮಹಡಿಗೂ ನಮ್ಮೂರಿನ ಪಂಚಾಯಿತಿಗೂ ಅದು ಬೇಕಾದುದೇ. ಶಾಸ್ತ್ರವನ್ನು ಕಲಿಯುವವರು ಒಮ್ಮೆ ಮಲೆನಾಡಿನ ಜಗಲಿಯ ಮೇಲೂ ಕುಳಿತು ನೋಡಬೇಕೆಂದು ನನ್ನ ಕೋರಿಕೆ. ಹಾಗೆ ಕುಳಿತಾಗ ಅಂಗಳದಲ್ಲಿ ನೆನೆಯುತ್ತ ನಿಂತಿದ್ದವನನ್ನೂ ನೆನೆದು, ಅವನಿಗೊಂದು ಬೆಂಚನ್ನು ನಕ್ಷೆಯಲ್ಲಿ ಸೇರಿಸಬೇಕು. ಅದಾದರೆ ಶಿಸ್ತು ಎಂಬ ಮಾತಿಗೆ ಅಜ್ಜ ಕೇಳಿದುದಕ್ಕಿಂತ ಒಳ್ಳೆಯ ಅರ್ಥ ಬಂದೀತು.