ಹಳೆಯ ಗಣಕಯಂತ್ರದ ಆರಂಭ ಕಡತಗಳು ತೆರೆಯದಿದ್ದಾಗ

ನಮ್ಮ ಅನೇಕ ಮನೆಗಳಲ್ಲಿ ವಿಂಡೋಸ್ 98 ಅಥವಾ ಎಕ್ಸ್‌ಪಿ ಕಾಲದ ಗಣಕಯಂತ್ರವೊಂದು ಇನ್ನೂ ಮೂಲೆಯಲ್ಲಿ ಉಳಿದಿರುವುದುಂಟು. ಹಿರಿಯರು ‘ಬರಹ’ ಅಥವಾ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಪತ್ರಗಳು, ಲೇಖನಗಳು, ವಂಶಾವಳಿ ಅದರಲ್ಲಿಯೇ ಇರಬಹುದು. ಅಂತಹ ಯಂತ್ರವನ್ನು ಮತ್ತೆ ನಡೆಸಲು ಕೆಲವೊಮ್ಮೆ ಅದರ ಆರಂಭ ಕಡತಗಳನ್ನು ತಿದ್ದಬೇಕಾಗುತ್ತದೆ. ಆಗ ಎದುರಾಗುವ ದೋಷಗಳಿಗೆ ಪರಿಹಾರಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಯಾವುವು ಈ ಕಡತಗಳು?

ಡಾಸ್ ಹಾಗೂ ವಿಂಡೋಸ್ 95, 98ರಲ್ಲಿ ಕಾನ್ಫಿಗ್.ಸಿಸ್, ಆಟೋಎಕ್ಸೆಕ್.ಬ್ಯಾಟ್, ವಿಂಡೋಸ್ 2000 ಹಾಗೂ ಎಕ್ಸ್‌ಪಿಯಲ್ಲಿ ಬೂಟ್.ಇನಿ. ಇವು ಸಾಮಾನ್ಯವಾಗಿ ಸಿ ಡ್ರೈವ್‌ನ ಮೂಲದಲ್ಲಿರುತ್ತವೆ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಿಂದ ಮುಂದೆ ಬೂಟ್.ಇನಿ ಬಳಕೆಯಲ್ಲಿಲ್ಲ.

ಕಡತ ಕಾಣದಿದ್ದರೆ

ಬೂಟ್.ಇನಿ ಕಡತಕ್ಕೆ ‘ಗುಪ್ತ’, ‘ವ್ಯವಸ್ಥೆ’, ‘ಓದಲು ಮಾತ್ರ’ ಎಂಬ ಮೂರು ಗುರುತುಗಳಿರುತ್ತವೆ. ಆದ್ದರಿಂದ ಅದು ಪಟ್ಟಿಯಲ್ಲಿ ಕಾಣಿಸದು. ಆದೇಶ ಪರದೆಯಲ್ಲಿ ಆಂಗ್ಲ ಅಕ್ಷರಗಳಿಂದ ಹೀಗೆ ಬೆರಳಚ್ಚು ಮಾಡಿರಿ:

ಅಟ್ರಿಬ್ -ಆರ್ -ಎಸ್ -ಎಚ್ ಸಿ:\ಬೂಟ್.ಇನಿ

ಮೂರು ಗುರುತುಗಳನ್ನೂ ಒಟ್ಟಿಗೆ ತೆಗೆಯಬೇಕು. ಒಂದನ್ನು ಮಾತ್ರ ತೆಗೆಯಲು ಹೋದರೆ ಆದೇಶ ನಿರಾಕರಿಸಲ್ಪಡುತ್ತದೆ. ತಿದ್ದುಪಡಿ ಮುಗಿದ ಮೇಲೆ ಮೈನಸ್ ಬದಲು ಪ್ಲಸ್ ಚಿಹ್ನೆ ಬಳಸಿ ಗುರುತುಗಳನ್ನು ಮರಳಿ ಹಾಕಿರಿ.

ಉಳಿಸಲು ಒಪ್ಪದಿದ್ದರೆ

‘ಓದಲು ಮಾತ್ರ’ ಗುರುತು ಉಳಿದಿರುವುದು ಒಂದು ಕಾರಣ. ಎಕ್ಸ್‌ಪಿಯಲ್ಲಿ ನಿರ್ವಾಹಕರ ಖಾತೆಯಿಂದ ಪ್ರವೇಶಿಸದಿರುವುದು ಇನ್ನೊಂದು.

ತಿದ್ದಿದರೂ ಪರಿಣಾಮವಾಗದಿದ್ದರೆ

ನೋಟ್‌ಪ್ಯಾಡ್ ಹೊಸ ಕಡತದ ಹೆಸರಿನ ಕೊನೆಗೆ ತಾನಾಗಿ ‘.ಟಿಎಕ್ಸ್‌ಟಿ’ ಸೇರಿಸಬಹುದು. ಆಗ ಯಂತ್ರವು ಅದನ್ನು ಆರಂಭ ಕಡತವೆಂದು ಗುರುತಿಸುವುದಿಲ್ಲ. ವರ್ಡ್‌ನಂತಹ ತಂತ್ರಾಂಶವನ್ನು ಇದಕ್ಕೆ ಬಳಸಲೇಬಾರದು. ಅಲಂಕಾರದ ಸಂಕೇತಗಳು ಸೇರಿ ಕಡತ ಕೆಡುತ್ತದೆ.

ಬೇರೆ ಕಡತಗಳು ತೆರೆಯದಿದ್ದರೆ

ಹಳೆಯ ಲೆಕ್ಕಪತ್ರದ ತಂತ್ರಾಂಶಗಳು ಏಕಕಾಲಕ್ಕೆ ಹಲವು ಕಡತಗಳನ್ನು ತೆರೆಯುತ್ತವೆ. ಡಾಸ್‌ನಲ್ಲಿ ಈ ಮಿತಿ ತಾನಾಗಿ 8 ಮಾತ್ರ. ಕಾನ್ಫಿಗ್.ಸಿಸ್‌ನಲ್ಲಿ ‘ಫೈಲ್ಸ್=40’ ಎಂಬ ಸಾಲನ್ನು ಸೇರಿಸಿ ಯಂತ್ರವನ್ನು ಮತ್ತೆ ಆರಂಭಿಸಿದರೆ ತೊಂದರೆ ಸಾಮಾನ್ಯವಾಗಿ ನಿವಾರಣೆಯಾಗುತ್ತದೆ.

ಯಂತ್ರವೇ ಆರಂಭವಾಗದಿದ್ದರೆ

ವಿಂಡೋಸ್ 98ರಲ್ಲಿ ಆರಂಭದಲ್ಲಿಯೇ ಎಫ್8 ಕೀಲಿ ಒತ್ತಿದರೆ ಒಂದೊಂದು ಸಾಲನ್ನೂ ಕೇಳಿ ನಡೆಸುವ ಆಯ್ಕೆ ದೊರೆಯುತ್ತದೆ. ದೋಷದ ಸಾಲು ಯಾವುದೆಂದು ಹೀಗೆ ಪತ್ತೆ ಮಾಡಬಹುದು. ಆದರೆ ವಿಂಡೋಸ್ 98ರ ಆರಂಭದ ಫ್ಲಾಪಿಯಿಂದ ಎಕ್ಸ್‌ಪಿಯ ಎನ್‌ಟಿಎಫ್‌ಎಸ್ ಡಿಸ್ಕ್ ಕಾಣಿಸುವುದಿಲ್ಲ. ಇದರಿಂದ ಡಿಸ್ಕ್ ಕೆಟ್ಟಿದೆಯೆಂದು ಭಾವಿಸಿ ಫಾರ್ಮ್ಯಾಟ್ ಮಾಡಬಾರದು. ಮಾಡಿದರೆ ಹಿರಿಯರ ಬರಹಗಳೂ ಅಳಿಸಿಹೋದಾವು.

ಮರೆಯಬಾರದ ಎರಡು ಮಾತು

ಮೊದಲನೆಯದು, ತಿದ್ದುವ ಮುನ್ನ ಮೂಲ ಕಡತದ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿರಿ. ಎರಡನೆಯದು, ಯಂತ್ರ ಒಮ್ಮೆ ನಡೆದೊಡನೆ ಕನ್ನಡ ಕಡತಗಳನ್ನೆಲ್ಲ ಹೊರಗೆ ನಕಲು ಮಾಡಿ, ಯೂನಿಕೋಡ್‌ಗೆ ಪರಿವರ್ತಿಸಿರಿ. ಹಳೆಯ ಅಕ್ಷರ ಸಂಕೇತದಲ್ಲಿರುವ ಬರಹವು ಅದರ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಪರಿವರ್ತನೆಯ ಸೌಲಭ್ಯ ಬರಹ, ನುಡಿ ಎರಡರಲ್ಲೂ ಇದೆ. ಯಂತ್ರ ಇಂದಲ್ಲ ನಾಳೆ ನಿಲ್ಲುತ್ತದೆ; ಹಿರಿಯರ ಅಕ್ಷರ ಮುಂದಿನ ತಲೆಮಾರಿಗೆ ಉಳಿಯಲಿ.